ಅಕ್ಷರ, ದನಿ, ಚಿತ್ರ

ನಮ್ಮ ಜವಳಗೇರಾದ ಮನೆಯಲ್ಲಿ ಅಜ್ಜಿ ಹಾಡುತ್ತಿದ್ದ ಬೀಸುವ ಕಲ್ಲಿನ ಒಂಬತ್ತು ಪದಗಳನ್ನು ಈ ಸಂಚಿಕೆಗೆ ಕೊಡುವೆನೆಂದು ಗುರುಗಳಿಗೆ ಮಾತು ಕೊಟ್ಟಿದ್ದೆ. ಕೊಡಲಾಗಲಿಲ್ಲ. ಏಕೆಂಬುದನ್ನು ಹೇಳಹೊರಟರೆ ಗಣಕಯಂತ್ರದಲ್ಲಿ ಬರಹ, ದನಿ, ಚಿತ್ರಗಳನ್ನು ತಿದ್ದಿ ಪ್ರಕಟಿಸುವ ಬಗೆಯನ್ನೇ ವಿವರಿಸಬೇಕಾಗುತ್ತದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಈ ತಪ್ಪುಗಳನ್ನೂ ನಾನೇ ಮೊದಲು ಮಾಡಬೇಕಾಯಿತು.

ಮೊದಲು ಬರಹದ ಮಾತು. ಯಂತ್ರಕ್ಕೆ ಅಕ್ಷರ ತಿಳಿಯದು, ಅಂಕಿಯಷ್ಟೇ ತಿಳಿಯುವುದು. 1991ರಲ್ಲಿ ಹೊರಬಂದ ಯೂನಿಕೋಡ್ ಎಂಬ ಸಂಕೇತ ಪದ್ಧತಿಯಲ್ಲಿ ‘ಕ’ ಎಂಬುದು 3221. ಅದರ ಪಕ್ಕದಲ್ಲಿ ದೀರ್ಘದ 3262 ಬಂದರೆ ‘ಕಾ’. ಎರಡು ಕಕಾರಗಳ ನಡುವೆ ಸ್ವರವನ್ನು ಕಳೆಯುವ 3277 ಬಂದರೆ ‘ಕ್ಕ’. ಯಾವ ಊರಿನ ಯಂತ್ರದಲ್ಲಿ ತೆರೆದರೂ ಈ ಅಂಕಿಗಳ ಅರ್ಥ ಒಂದೇ. ಹಳೆಯ ನುಡಿ ಅಕ್ಷರಶೈಲಿಗಳಲ್ಲಿ ಹಾಗಲ್ಲ. ಅಲ್ಲಿ ಕನ್ನಡದ ತುಣುಕುಗಳು ರೋಮನ್ ಲಿಪಿಯ ಸ್ಥಾನಗಳಲ್ಲಿ ಕುಳಿತಿರುತ್ತವೆ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ನಮ್ಮ ಬರಹವೆಲ್ಲ ಹುಚ್ಚುಗೀಚು. ಕಳೆದ ವರ್ಷ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಮಾಡಿಸಿದ ನನ್ನ ಪ್ರಬಂಧ ಗೆಳೆಯನ ಮನೆಯಲ್ಲಿ ಹೀಗೆಯೇ ಆಯಿತು. ಆದರೂ ಇದು ಗುಣವಾಗುವ ರೋಗ, ಪರಿವರ್ತಿಸುವ ತಂತ್ರಾಂಶಗಳಿವೆ.

ದನಿಯ ಸಂಗತಿ ಬೇರೆ. ಗಾಳಿಯ ಕಂಪನವನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆದುಕೊಳ್ಳುವುದು ಸಿ.ಡಿ.ಯ ಕ್ರಮ, ಒಂದು ನಿಮಿಷಕ್ಕೆ ಸುಮಾರು 10 ಎಂ.ಬಿ. ಬೇಕು. ಎಂ.ಪಿ.3 ಮಾಡಿದರೆ ಕಿವಿ ಅಷ್ಟಾಗಿ ಗುರುತಿಸದ ಅಂಶಗಳನ್ನು ಬಿಟ್ಟು ಕಡತ ಸಣ್ಣದಾಗುತ್ತದೆ. ಬಿಟ್ಟದ್ದು ಮರಳಿ ಬಾರದು. ನಾನು ಮೊಬೈಲಿನಲ್ಲಿ ಪದಗಳನ್ನು ಹಿಡಿದು, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ‘ಶುದ್ಧ’ ಮಾಡಲು ಕುಳಿತೆ. ಹಾಡಿಲ್ಲದ ಎಡೆಯ ಸದ್ದನ್ನು ಮಾದರಿಯಾಗಿ ತೋರಿಸಿದರೆ ಅಂಥ ಸದ್ದನ್ನು ಅದು ಎಲ್ಲೆಡೆ ತಗ್ಗಿಸುತ್ತದೆ. ಕಲ್ಲಿನ ಗುರುಗುರು ಸದ್ದನ್ನೇ ತೋರಿಸಿದೆ! ಕಲ್ಲು ಹೋಯಿತು, ಜೊತೆಗೆ ಸಕಾರ, ಹಕಾರಗಳೂ ಸಾಲಿನ ಕೊನೆಯ ಶಬ್ದಗಳೂ ಹೋದವು. ಇಷ್ಟಕ್ಕೇ ನಿಲ್ಲದೆ ಮೂಲ ಕಡತದ ಹೆಸರಿನಲ್ಲಿಯೇ ಅದರ ಮೇಲೆ ಉಳಿಸಿಬಿಟ್ಟೆ. ಪದಗಳನ್ನು ಇನ್ನೂ ಬರೆದುಕೊಂಡಿರಲಿಲ್ಲ.

ಅಜ್ಜಿಗೆ ಕೇಳಿಸಿದೆ. “ಇದು ನನ್ನ ದನಿ ಅಲ್ಲಪಾ, ಯಾರೋ ಬಾವ್ಯಾಗ ಕುಂತು ಹಾಡಿದಂಗ ಐತಿ. ಕಲ್ಲು ಎಲ್ಲಿ ಹೋತು?” ಎಂದಳು. ಈಗ ಅವಳಿಗೆ ದಮ್ಮು. ಎರಡು ಸಾಲಿಗೆ ಉಸಿರು ಸಾಲದು.

ಚಿತ್ರದಲ್ಲಿಯೂ ಇದೇ ಅಪಾಯ. ನಮ್ಮ ಸೀಮೆಯ ಮಸ್ಕಿಯ ಬಂಡೆಯನ್ನೇ ನೋಡಿರಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಅಲ್ಲಿ ಕಂಡ ಶಾಸನದಿಂದ, ‘ದೇವಾನಾಂಪ್ರಿಯ’ನೆಂಬವನು ಅಶೋಕನೇ ಎಂಬುದು ಗೊತ್ತಾಯಿತು. ಸವೆದ ಬ್ರಾಹ್ಮೀ ಅಕ್ಷರಗಳ ಫೋಟೋದಲ್ಲಿ ಕಪ್ಪು ಬಿಳುಪನ್ನು ಮಿತಿಮೀರಿ ಹೆಚ್ಚಿಸಿದರೆ ಕಲ್ಲಿನ ಬಿರುಕೂ ಅಕ್ಷರವಾಗಿ ಕಾಣುತ್ತದೆ.

ದೈವವಶಾತ್, ಅಂದು ನನ್ನ ತಂಗಿಯೂ ತನ್ನ ಮೊಬೈಲಿನಲ್ಲಿ ಒಂದು ಪದವನ್ನು ಹಿಡಿದಿದ್ದಳು. ಅದನ್ನು ಎರಡು ಕಡೆ ನಕಲು ಮಾಡಿಟ್ಟು, ಒಂದನ್ನು ಮುಟ್ಟದೆ ಇನ್ನೊಂದರ ಮೇಲೆ ಕೆಲಸ ಮಾಡುತ್ತಿದ್ದೇನೆ. ಇ-ಪಬ್ ಎಂಬುದು ಪುಟ, ಚಿತ್ರ, ದನಿಗಳನ್ನು ಒಂದೇ ಗಂಟಿನಲ್ಲಿ ಕಟ್ಟುವ ಪುಸ್ತಕರೂಪ. ಯಾವ ಸಾಲು ಯಾವ ಸೆಕೆಂಡಿನಲ್ಲಿ ಆರಂಭವಾಗುವುದೆಂಬ ಪಟ್ಟಿಯನ್ನೂ 2011ರ ಮೂರನೆಯ ಆವೃತ್ತಿಯಿಂದ ಅದರೊಳಗೆ ಇಡಬಹುದು. ಆಗ ಹಾಡಿದಂತೆ ಸಾಲು ಬಣ್ಣಗೊಳ್ಳುತ್ತದೆ. ಕಲ್ಲಿನ ಸದ್ದನ್ನು ಹಾಗೆಯೇ ಬಿಟ್ಟಿದ್ದೇನೆ. ಎರಡನೆಯ ನುಡಿಯ ಒಂದು ಶಬ್ದ ಮಾತ್ರ ಆ ಸದ್ದಿನಲ್ಲಿ ಕೇಳಿಸದು. ಅಜ್ಜಿಯನ್ನು ಮೂರು ಸಲ ಕೇಳಿದೆ, ಮೂರು ಬೇರೆ ಶಬ್ದ ಹೇಳಿದಳು. ಸಾಲಿನಲ್ಲಿ ಚುಕ್ಕಿಯಿಟ್ಟು, ಮೂರನ್ನೂ ಅಡಿಟಿಪ್ಪಣಿಯಲ್ಲಿ ಬರೆದಿದ್ದೇನೆ.