ಬಯಲುಸೀಮೆಯಲ್ಲೊಂದು ಗಾಜಿನ ಕೆರೆ

ಚಳ್ಳಕೆರೆಯ ಹೆಸರಿನಲ್ಲಿಯೇ ಒಂದು ಕೆರೆ ಇದೆ. ಆದರೆ ಹೆಸರಿನಲ್ಲಿ ನೀರಿದ್ದಷ್ಟು ನೆಲದಲ್ಲಿ ಇಲ್ಲವೆಂಬುದು ಆ ಸೀಮೆಯವರೆಲ್ಲರೂ ಬಲ್ಲ ಸಂಗತಿ. ನಾಡಿನಲ್ಲಿ ಮಳೆ ತೀರ ಕಡಮೆಯಾದ ತಾಲ್ಲೂಕುಗಳನ್ನು ಎಣಿಸಹೊರಟರೆ ಚಳ್ಳಕೆರೆ, ಮೊಳಕಾಲ್ಮುರುಗಳೆರಡೂ ಮೊದಲ ಕೆಲವು ಬೆರಳುಗಳಲ್ಲಿಯೇ ಬಂದುಬಿಡುತ್ತವೆ. ಹಿರಿಯೂರಿನ ಬಳಿ ಮಾರಿಕಣಿವೆಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರವು 1933ರಲ್ಲೊಮ್ಮೆ ಕೋಡಿ ಬಿದ್ದಿತು. ಅದು ಮತ್ತೆ ಕೋಡಿ ಹರಿದುದನ್ನು ಕಾಣಲು ಜನ 2022ರವರೆಗೆ ಕಾಯಬೇಕಾಯಿತು. ಅಣೆಕಟ್ಟೆಯ ಕೆಳಗೆ ಈ ಸೀಮೆಯನ್ನು ಹಾಯುವ ವೇದಾವತಿಯು ವರ್ಷದ ಬಹುಕಾಲ ಬರಿಯ ಮರಳಿನ ಹಾಸಿಗೆ.

ಇಂಥ ನೆಲದಲ್ಲಿ, ನಾಲ್ಕು ಮೀನು ಈಜಾಡಲೆಂದು ನಾಲ್ಕೈದು ಕೊಡ ನೀರನ್ನು ಗಾಜಿನ ಪೆಟ್ಟಿಗೆಯಲ್ಲಿ ತುಂಬಿ ನಡುಮನೆಯಲ್ಲಿಡುವುದು ವಿಲಾಸವಲ್ಲವೇ ಎಂದು ಕೇಳುವವರುಂಟು. ನನಗೆ ಹಾಗೆನಿಸುವುದಿಲ್ಲ. ಕಣ್ಣು ಹಾಯಿಸಿದಷ್ಟು ದೂರ ಕೆಮ್ಮಣ್ಣು, ಕರಿಬಂಡೆ, ಶೇಂಗಾದ ಹೊಲಗಳನ್ನೇ ಕಾಣುವವನಿಗೆ ನೀರನ್ನು ಸುಮ್ಮನೆ ನೋಡಬೇಕೆಂಬ ಆಸೆ ಮಲೆನಾಡಿನವನಿಗಿಂತ ಹೆಚ್ಚಾಗಿಯೇ ಇರುತ್ತದೆ. ಇದ್ದರೆ ತಪ್ಪೂ ಅಲ್ಲ. ಆದರೆ ತಂದ ಜೀವವನ್ನು ಕಾಪಾಡುವ ಬಗೆ ತಿಳಿದಿರಬೇಕು. ಅದು ತಿಳಿಯದೆ ಎಷ್ಟೋ ಮನೆಗಳಲ್ಲಿ ನಡೆಯುವುದು ಒಂದೇ ಕಥೆ. ಹೊಸ ತೊಟ್ಟಿ ಬಂದ ಮೊದಲ ವಾರ ಮನೆಯಲ್ಲಿ ಹಬ್ಬ. ಎರಡನೆಯ ವಾರ ಮೀನೊಂದು ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತದೆ, ಕಿವಿರುಗಳು ಕೆಂಪೇರುತ್ತವೆ. ಮೂರನೆಯ ವಾರಕ್ಕೆ ತೊಟ್ಟಿ ಬರಿದು. ದೃಷ್ಟಿ ತಾಗಿತೆಂದು ಅಜ್ಜಿ, ಅಂಗಡಿಯವನು ರೋಗದ ಮೀನು ಕೊಟ್ಟನೆಂದು ಅಪ್ಪ. ಏನೂ ಹೇಳಲಾರದ ಮಗು ಆಗಾಗ ಗಾಜಿನ ಬಳಿ ಹೋಗಿ ನಿಲ್ಲುತ್ತದೆ.

ಬಹಳ ಸಲ ಇಲ್ಲಿ ಅಪರಾಧಿ ಶುಚಿತ್ವ ಎಂದರೆ ವಾಚಕರಿಗೆ ವಿಚಿತ್ರವೆನಿಸೀತು. ಫಿಲ್ಟರ್ ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಕಾಫಿಯ ಫಿಲ್ಟರನ್ನು ದಿನವೂ ತೊಳೆದು ಬೋರಲು ಹಾಕುವ ಮನೆಯಲ್ಲಿ ಮೀನಿನ ಫಿಲ್ಟರನ್ನು ವಾರಕ್ಕೊಮ್ಮೆಯಾದರೂ ಉಜ್ಜದಿದ್ದರೆ ಹೇಗೆ? ಆದುದರಿಂದ ಭಾನುವಾರ ಬಂದೊಡನೆ ಅದರೊಳಗಿನ ಸ್ಪಂಜನ್ನು ತೆಗೆದು, ನಲ್ಲಿಯ ಕೆಳಗೆ ಹಿಡಿದು, ಕಂದು ಬಣ್ಣವೆಲ್ಲ ಹೋಗಿ ಬೆಳ್ಳಗಾಗುವವರೆಗೆ ಹಿಂಡುತ್ತಾರೆ. ಹೋದದ್ದು ಕೊಳೆಯಲ್ಲ, ಆ ಪುಟ್ಟ ಕೆರೆಯ ಪ್ರಾಣವೇ ಹೋಯಿತು.

ಇದನ್ನು ಅರಿಯಲು ಒಂದು ಹಳೆಯ ಪ್ರಯೋಗವನ್ನು ನೆನೆಯಬೇಕು. 1877ರಲ್ಲಿ ಫ್ರಾನ್ಸಿನ ಷ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ಉದ್ದನೆಯ ಕೊಳವೆಯೊಂದರಲ್ಲಿ ಮರಳನ್ನೂ ಸ್ವಲ್ಪ ಸುಣ್ಣಕಲ್ಲನ್ನೂ ತುಂಬಿ, ಅದರ ಮೂಲಕ ಚರಂಡಿಯ ನೀರನ್ನು ಮೆಲ್ಲಮೆಲ್ಲನೆ ಇಳಿಸಿದರು. ಸುಮಾರು ಇಪ್ಪತ್ತು ದಿನ ಏನೂ ಆಗಲಿಲ್ಲ. ನೀರಿನಲ್ಲಿದ್ದ ಅಮೋನಿಯ ಇದ್ದಂತೆಯೇ ಇಳಿದು ಬಂದಿತು. ಆಮೇಲೆ ಅದು ಕುಗ್ಗುತ್ತ ಹೋಗಿ, ಅದರ ಬದಲು ನೈಟ್ರೇಟು ಕಾಣಿಸಿಕೊಂಡಿತು. ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಇಪ್ಪತ್ತು ದಿನ ಏಕೆ ಕಾಯಬೇಕಿತ್ತು? ಅವರು ಕೊಳವೆಯೊಳಕ್ಕೆ ಕ್ಲೋರೊಫಾರಮಿನ ಆವಿಯನ್ನು ಬಿಟ್ಟರು, ಕೆಲಸ ನಿಂತಿತು. ಆ ಆವಿಯನ್ನು ಕಳೆದು, ಫಲವತ್ತಾದ ಮಣ್ಣನ್ನು ಕದಡಿದ ನೀರನ್ನು ಸ್ವಲ್ಪ ಹೊಯ್ದರು. ಕೆಲವು ದಿನಗಳಲ್ಲಿ ಕೆಲಸ ಮತ್ತೆ ಮೊದಲಾಯಿತು. ಮರಳಿನ ಕಣಗಳ ಮೇಲೆ ಯಾವುದೋ ಜೀವ ಮನೆ ಮಾಡಿಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಚೆಲುವಾದ ಸಾಕ್ಷ್ಯ ಬೇಕಿಲ್ಲ. ಮುಂದೆ 1890ರ ಸುಮಾರಿಗೆ ರಷ್ಯದ ವಿನೊಗ್ರಾಡ್‌ಸ್ಕಿ ಆ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿದನು. ಅಮೋನಿಯವನ್ನು ನೈಟ್ರೈಟಾಗಿ ಮಾಡುವ ಪಂಗಡ ಒಂದು, ನೈಟ್ರೈಟನ್ನು ನೈಟ್ರೇಟಾಗಿ ಮಾಡುವ ಪಂಗಡ ಇನ್ನೊಂದು ಎಂದು ತೋರಿಸಿದವನೂ ಅವನೇ.

ಮೀನು ತನ್ನ ಕಿವಿರುಗಳಿಂದಲೇ ಅಮೋನಿಯವನ್ನು ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗ ಹುಟ್ಟುವುದೂ ಅದೇ. ಅಮೋನಿಯ ವಿಷ, ನೈಟ್ರೈಟೂ ವಿಷ, ನೈಟ್ರೇಟು ಮಾತ್ರ, ಅತಿಯಾಗದಿದ್ದರೆ, ಸಹಿಸಬಹುದಾದದ್ದು. ಹೊಸ ತೊಟ್ಟಿಯಲ್ಲಿ ಈ ಎರಡು ಪಂಗಡಗಳೂ ಬಂದು ನೆಲಸಿ ಹೆಚ್ಚಬೇಕಾದರೆ ನಾಲ್ಕರಿಂದ ಆರು ವಾರ ಬೇಕು. ಅವು ನೀರಿನಲ್ಲಿ ತೇಲುವುದು ಸ್ವಲ್ಪ. ಸ್ಪಂಜಿನ ರಂಧ್ರಗಳಲ್ಲಿ, ಪಿಂಗಾಣಿಯ ಉಂಗುರಗಳ ಒಳಗೋಡೆಗಳಲ್ಲಿ, ತಳದ ಮರಳಿನಲ್ಲಿ ಅಂಟಿಕೊಂಡು ಬಾಳುವುದೇ ಹೆಚ್ಚು. ಫಿಲ್ಟರಿನಲ್ಲಿ ನಾವು ತುಂಬುವ ಸ್ಪಂಜು, ಉಂಗುರ ಮೊದಲಾದ ವಸ್ತುಗಳೆಲ್ಲ ವಾಸ್ತವವಾಗಿ ಈ ಜೀವಿಗಳಿಗೆ ಕಟ್ಟಿಸಿಕೊಟ್ಟ ಮನೆಗಳು. ನಲ್ಲಿಯ ನೀರಿನಲ್ಲಿರುವ ಕ್ಲೋರೀನು ಮನುಷ್ಯನನ್ನು ಕಾಲರಾದಿಂದ ಕಾಯಲೆಂದು ಬೆರೆಸಿದ್ದು. ಉಪಕಾರಿ ಜೀವಿ ಯಾವುದು, ಅಪಕಾರಿ ಯಾವುದು ಎಂದು ಅದು ವಿಚಾರಿಸುವುದಿಲ್ಲ.

ಚಳ್ಳಕೆರೆ, ಮೊಳಕಾಲ್ಮುರುಗಳಲ್ಲಿ ಈ ಎಚ್ಚರ ಇಮ್ಮಡಿಯಾಗಿ ಬೇಕು. ಅಲ್ಲಿಯ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಬೇಳೆ ಬೇಯದು, ಸೋಪು ನೊರೆಯಾಗದು, ಕಾಯಿಸಿದ ಪಾತ್ರೆಯಲ್ಲಿ ಬಿಳಿಯ ಪಕಳೆ ಕಟ್ಟುತ್ತದೆ. ಗಡಸು ನೀರು ಕ್ಷಾರದ ಕಡೆಗೆ ವಾಲಿರುವುದು ಸಾಮಾನ್ಯ. ಅಮೋನಿಯ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ, ಒಂದು ಅಷ್ಟೇನೂ ಕೇಡಿಲ್ಲದ್ದು, ಇನ್ನೊಂದು ಕೊಲ್ಲುವಂಥದು. 25 ಡಿಗ್ರಿ ಉಷ್ಣದಲ್ಲಿ, ಪಿ.ಎಚ್. 7 ಆಗಿದ್ದಾಗ ಕೊಲ್ಲುವ ರೂಪ ನೂರಕ್ಕೆ ಒಂದು ಪಾಲೂ ಇರುವುದಿಲ್ಲ; ಪಿ.ಎಚ್. 8ಕ್ಕೆ ಏರಿದರೆ ಅದು ಐದು ಪಾಲಿಗೂ ಮೀರುತ್ತದೆ. ಅಂದರೆ ಮೆದು ನೀರಿನ ಊರಿನಲ್ಲಿ ಮೀನು ಹೇಗೋ ತಾಳಿಕೊಳ್ಳುವಷ್ಟೇ ಅಮೋನಿಯ ಈ ಊರುಗಳಲ್ಲಿ ಅದನ್ನು ಕೊಲ್ಲಬಲ್ಲದು. ಬೇಸಗೆಯ ಉರಿ ಸೇರಿದರೆ ಇನ್ನೂ ಕಷ್ಟ. ನೀರು ಬೆಚ್ಚಗಾದಷ್ಟೂ ವಿಷದ ಪಾಲು ಏರುತ್ತದೆ, ಕರಗಿದ ಆಮ್ಲಜನಕ ಇಳಿಯುತ್ತದೆ. ಇದಕ್ಕೆ ಎದುರಾಗಿ ಒಂದು ಅನುಕೂಲವೂ ಉಂಟು: ಅಮೋನಿಯವನ್ನು ತಿನ್ನುವ ಜೀವಿಗಳಿಗೆ ಈ ಗಡಸುತನದ ಕಾರ್ಬೊನೇಟುಗಳು ಬೇಕು. ಫಿಲ್ಟರ್ ಒಮ್ಮೆ ಪಕ್ವವಾಯಿತೆಂದರೆ ಬಯಲುಸೀಮೆಯ ನೀರಿನಲ್ಲಿ ಅವು ಸೊಗಸಾಗಿ ಬಾಳುತ್ತವೆ.

ಚಿತ್ರದುರ್ಗ ಜಿಲ್ಲೆಯ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡು ಮಿತಿಮೀರಿರುವುದರಿಂದ ಜನ ಕುಡಿಯಲು ಶುದ್ಧ ನೀರಿನ ಘಟಕಗಳಿಂದ ಕ್ಯಾನುಗಳಲ್ಲಿ ನೀರು ತರುತ್ತಾರೆ. ಮೀನಿಗೂ ಅದನ್ನೇ ಹಾಕೋಣವೆಂಬ ಪ್ರೀತಿ ಮಾತ್ರ ಸಲ್ಲದು. ಆ ನೀರಿನಲ್ಲಿ ಲವಣಗಳು ಬಹುಪಾಲು ಹೋಗಿಬಿಟ್ಟಿರುತ್ತವೆ. ಅದೊಂದನ್ನೇ ತುಂಬಿದರೆ ಪಿ.ಎಚ್. ನೆಲೆ ನಿಲ್ಲದು, ಫಿಲ್ಟರಿನ ಜೀವಿಗಳು ಸೊರಗುತ್ತವೆ. ಆದರೆ ಆವಿಯಾಗಿ ಹೋದ ನೀರನ್ನು ತುಂಬಲು ಅದು, ಇಲ್ಲವೆ ಹಿಡಿದಿಟ್ಟ ಮಳೆನೀರು, ಬಹಳ ಒಳ್ಳೆಯದು. ಒಣಗಾಳಿ ಬೀಸುವ ಈ ಊರುಗಳಲ್ಲಿ ತೊಟ್ಟಿಯ ನೀರು ಬೇಗ ತಗ್ಗುತ್ತದೆ. ಹಾರುವುದು ನೀರು ಮಾತ್ರ, ಲವಣ ಉಳಿಯುತ್ತದೆ. ಮತ್ತೆ ಮತ್ತೆ ಗಡಸು ನೀರನ್ನೇ ತುಂಬುತ್ತ ಹೋದರೆ ಕೊನೆಗೆ ಅದು ಸವುಳು ಮಡುವಾದೀತು.

ಹಾಗಾದರೆ ಸ್ಪಂಜನ್ನು ತೊಳೆಯಲೇಬಾರದೆ? ತೊಳೆಯಬೇಕು, ಆದರೆ ಅದೇ ತೊಟ್ಟಿಯ ನೀರಿನಲ್ಲಿ. ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು ನೀರನ್ನು ಬಕೆಟ್ಟಿಗೆ ತೆಗೆಯುವುದು ಹೇಗೂ ಉಂಟಷ್ಟೆ. ಆ ಬಕೆಟ್ಟಿನಲ್ಲಿ ಸ್ಪಂಜನ್ನು ಎರಡು ಮೂರು ಸಲ ಮೆಲ್ಲನೆ ಅದುಮಿ, ನೀರು ಸರಾಗವಾಗಿ ಹಾಯುವಷ್ಟಾದರೆ ಸಾಕು. ಬೆಳ್ಳಗಾಗಬೇಕೆಂಬ ಹಟ ಬೇಡ. ಇದನ್ನೂ ವಾರವಾರ ಮಾಡಬೇಕಾಗಿಲ್ಲ. ಫಿಲ್ಟರಿನಿಂದ ಬೀಳುವ ನೀರಿನ ರಭಸ ಕುಗ್ಗಿದಾಗ ಮಾಡಿದರಾಯಿತು. ಸ್ಪಂಜೂ ಪಿಂಗಾಣಿ ಉಂಗುರಗಳೂ ಎರಡೂ ಇದ್ದರೆ ಒಂದೇ ದಿನ ಎರಡನ್ನೂ ಮುಟ್ಟಬಾರದು, ನಡುವೆ ಎರಡು ಮೂರು ವಾರದ ಬಿಡುವಿರಲಿ. ಸ್ಪಂಜು ಹರಿದು ಹೊಸದನ್ನು ಹಾಕಬೇಕಾಗಿ ಬಂದರೆ ಹಳೆಯದನ್ನು ಒಡನೆ ಬಿಸಾಡದೆ ಒಂದು ತಿಂಗಳು ಎರಡನ್ನೂ ಜೊತೆಯಲ್ಲಿಡಬೇಕು. ಹಳೆಯ ಮನೆಯವರು ಹೊಸ ಮನೆಗೆ ಒಕ್ಕಲು ಹೋಗಲು ಅಷ್ಟು ಕಾಲ ಬೇಕು. ಹೊಸದಾಗಿ ಹೊಯ್ಯುವ ನಲ್ಲಿಯ ನೀರನ್ನು ಬಾಯಿ ತೆರೆದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟರೆ ಕ್ಲೋರೀನು ಆರಿಹೋಗುತ್ತದೆ. ಇನ್ನು ಇದ್ದಿಲು: ಅದು ಬಣ್ಣವನ್ನೂ ವಾಸನೆಯನ್ನೂ ಔಷಧದ ಶೇಷವನ್ನೂ ಹೀರುತ್ತದೆ, ಕೆಲವು ವಾರಗಳಲ್ಲಿ ತುಂಬಿಹೋಗುತ್ತದೆ. ಅದಿಲ್ಲದೆಯೂ ತೊಟ್ಟಿ ನಡೆಯುತ್ತದೆ.

ಚಳ್ಳಕೆರೆಯ ವಾಚಕರಿಗಾಗಿ ಒಂದು ಮಾತು. ಫಿಲ್ಟರಿಗೆಂದು ಅಂಗಡಿಯಲ್ಲಿ ಮಾರುವ ಬಿಳಿಯ ಉಣ್ಣೆ ಉಣ್ಣೆಯಲ್ಲ, ಕೃತಕ ನೂಲು. ಕುರಿಯ ಉಣ್ಣೆಗೂ ಕಂಬಳಿಗೂ ಹೆಸರಾದ ಊರಿನಲ್ಲಿ ನಿಜವಾದ ಉಣ್ಣೆಯನ್ನೇ ತುರುಕಿದರೇನು ಎಂದು ಯಾರಿಗಾದರೂ ಹೊಳೆದರೆ ಆಶ್ಚರ್ಯವಿಲ್ಲ. ಕುರಿಯ ಉಣ್ಣೆಯಲ್ಲಿ ಜಿಡ್ಡಿರುತ್ತದೆ, ಸದಾ ನೀರಿನಲ್ಲಿದ್ದರೆ ಕೊಳೆಯುತ್ತದೆ, ಹತ್ತಿಯೂ ಅಷ್ಟೆ. ಕಂಬಳಿ ಹೊದೆಯಲಿಕ್ಕೇ ಇರಲಿ.

ವಿದ್ಯುತ್ತು ಹೋದಾಗ ಏನಾಗುತ್ತದೆಂಬುದನ್ನು ಹೆಚ್ಚಿನವರು ಯೋಚಿಸುವುದಿಲ್ಲ. ಫಿಲ್ಟರಿನ ಜೀವಿಗಳಿಗೆ ಹರಿಯುವ ನೀರು ತರುವ ಆಮ್ಲಜನಕವೇ ಉಸಿರು. ಮುಚ್ಚಿದ ಡಬ್ಬಿಯ ಫಿಲ್ಟರಿನಲ್ಲಿ ನೀರು ಕೆಲವು ಗಂಟೆ ನಿಂತರೆ ಅವು ಸಾಯತೊಡಗುತ್ತವೆ, ಒಳಗಿನ ನೀರು ಕೊಳೆಯುತ್ತದೆ. ಕರೆಂಟು ಬಂದೊಡನೆ ಆ ಕೊಳೆನೀರೆಲ್ಲ ಮೀನಿನ ಮೇಲೆ ಹರಿಯುತ್ತದೆ. ಬಹಳ ಹೊತ್ತು ಕರೆಂಟು ಇಲ್ಲದಿದ್ದರೆ ಡಬ್ಬಿಯನ್ನು ಬಿಚ್ಚಿ, ನಿಂತ ನೀರನ್ನು ಚೆಲ್ಲಿ, ಉಂಗುರಗಳನ್ನು ತೊಟ್ಟಿಯ ನೀರಿನಲ್ಲಿ ಅಲುಗಿಸಿ ಮತ್ತೆ ಹಚ್ಚುವುದು ಮೇಲು. ಗಾಳಿಯ ಪಂಪಿನಿಂದ ನಡೆಯುವ, ತೊಟ್ಟಿಯೊಳಗೇ ಇರುವ ಸಾದಾ ಸ್ಪಂಜಿನ ಫಿಲ್ಟರಿಗೆ ಈ ಬಾಧೆ ಕಡಮೆ. ಬೆಲೆಯೂ ಕಡಮೆ. ಈ ಊರುಗಳಿಗೆ ಅದೇ ಸೈ ಎಂದು ನನ್ನ ಮತ. ಮೀನೂ ಅಷ್ಟೆ, ಗಡಸು ನೀರನ್ನು ಮೆಚ್ಚುವ ಗಪ್ಪಿ, ಮೋಲಿಗಳಿಂದ ಮೊದಲು ಮಾಡುವುದು ಲೇಸು. ಅವೂ ಒಮ್ಮೆಗೇ ಹತ್ತಲ್ಲ, ಮೊದಲ ತಿಂಗಳು ಎರಡೋ ಮೂರೋ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಬಿ. ಎಲ್. ರೈಸ್ ಅವರು 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನಗಳನ್ನು ವಿದ್ಯಾರ್ಥಿಗಳೆಲ್ಲ ಬಲ್ಲರು. ತಂದೆತಾಯಿಗಳ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎಂಬವುಗಳ ಜೊತೆಯಲ್ಲಿ ಪ್ರಾಣಿಗಳ ವಿಷಯದಲ್ಲಿ ದಯೆ ದೃಢವಾಗಿರಬೇಕೆಂಬ ಆಜ್ಞೆಯೂ ಅಲ್ಲಿದೆ. ಮೀನಿನ ಮಾತು ಬರುವುದು ಅಲ್ಲಲ್ಲ, ಉತ್ತರದ ಸ್ತಂಭಶಾಸನವೊಂದರಲ್ಲಿ: ಕೆಲವು ದಿನಗಳಲ್ಲಿ ಮೀನನ್ನು ಕೊಲ್ಲಲೂ ಬಾರದು, ಮಾರಲೂ ಬಾರದು ಎಂದು. ಸಾಕಲೆಂದು ತಂದ ಮೀನನ್ನು ತೊಳೆದು ತೊಳೆದೇ ಕೊಲ್ಲುವವರು ಹುಟ್ಟಿಯಾರೆಂದು ದೇವಾನಾಂಪ್ರಿಯನಿಗೆ ಹೊಳೆದಿರಲಾರದು.

ನೀರಿನ ವಿಲಾಸದ ಆಕ್ಷೇಪಣೆಗೆ ಉತ್ತರ ಆ ಬಕೆಟ್ಟಿನಲ್ಲಿಯೇ ಇದೆ. ಸ್ಪಂಜನ್ನು ಅದುಮಿದ ಕಂದು ನೀರಿನಲ್ಲಿರುವುದು ಗಿಡಗಳು ಬಯಸುವ ನೈಟ್ರೇಟು. ಅದನ್ನು ಚರಂಡಿಗೆ ಚೆಲ್ಲದೆ ಹಿತ್ತಲ ಕರಿಬೇವಿಗೋ ದಾಸವಾಳಕ್ಕೋ ಹೊಯ್ದರೆ, ಹೇಗೂ ಗಿಡಕ್ಕೆ ಹಾಕಬೇಕಾಗಿದ್ದ ಕೊಡವೇ ಮೊದಲು ಮೀನಿನ ಮನೆಯನ್ನು ಹಾದು ಬಂದಂತಾಯಿತು.