ಬಿಸಿಯಾದ ಲ್ಯಾಪ್‌ಟಾಪ್: ಬದಲಿಸುವ ಮೊದಲು ಧೂಳು ತೆಗೆಯಿರಿ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯವರಿಗೆ ಧೂಳು ಹೊಸದೇನೂ ಅಲ್ಲ. ಬೇಸಿಗೆಯಲ್ಲಿ ಒಣಗಿದ ಹೊಲದ ಮಣ್ಣು, ಗೋವಿನಜೋಳದ ರಾಶಿಯ ಹೊಟ್ಟು, ಅಂಗಳದಲ್ಲಿ ಹರವಿದ ಮೆಣಸಿನಕಾಯಿಯ ಪುಡಿ ಎಲ್ಲವೂ ಗಾಳಿಯೊಡನೆ ಮನೆಯೊಳಗೆ ಬರುತ್ತವೆ. ನಮ್ಮ ತಾಯಂದಿರು ದಿನಕ್ಕೆರಡು ಬಾರಿ ಕಸ ಗುಡಿಸಿ ಮನೆಯನ್ನು ಚೊಕ್ಕಟವಾಗಿಡುತ್ತಾರೆ. ಆದರೆ ಅವರ ಕಸಬರಿಗೆ ಮುಟ್ಟದ ಒಂದು ಮೂಲೆ ಇಂದಿನ ಅನೇಕ ಮನೆಗಳಲ್ಲಿದೆ. ಅದು ಮಕ್ಕಳ ಲ್ಯಾಪ್‌ಟಾಪಿನ ಒಳಭಾಗ.

2024ರ ಮಾರ್ಚ್ ತಿಂಗಳಲ್ಲಿ ಕಾಗಿನೆಲೆಯ ತಂಗಿಯ ಮನೆಗೆ ಹೋಗಿದ್ದೆ. ಆ ತಿಂಗಳ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದು, ರೈತರ ಆಕ್ರೋಶ ಭುಗಿಲೆದ್ದು, ವಾಹನಗಳು ಸುಟ್ಟುಹೋಗಿದ್ದವು. ಭಾವನವರು ಅದೇ ಚಿಂತೆಯಲ್ಲಿದ್ದರು. ಅದರ ಮೇಲೆ ಇನ್ನೊಂದು ಚಿಂತೆ: ಎಂಜಿನಿಯರಿಂಗ್ ಓದುವ ಮಗನಿಗೆ 2021ರಲ್ಲಿ 72,000 ರೂಪಾಯಿ ಕೊಟ್ಟು ಕೊಡಿಸಿದ್ದ ಗೇಮಿಂಗ್ ಲ್ಯಾಪ್‌ಟಾಪ್ ಕೈಕೊಟ್ಟಿತ್ತು. ಹಚ್ಚಿದ ಹತ್ತು ನಿಮಿಷಕ್ಕೆ ರೊಟ್ಟಿಯ ಹಂಚಿನಂತೆ ಕಾದು, ಗಿರಣಿಯಂತೆ ಸದ್ದು ಮಾಡಿ, ತಾನಾಗಿಯೇ ಆರಿಹೋಗುತ್ತಿತ್ತು. ಪೇಟೆಯ ಅಂಗಡಿಯೊಂದರಲ್ಲಿ ಅದನ್ನು ತೆರೆದೂ ನೋಡದೆ, ಮದರ್‌ಬೋರ್ಡ್ ಕೆಟ್ಟಿದೆ, 28,000 ರೂಪಾಯಿ ಆಗುತ್ತದೆ ಎಂದಿದ್ದರಂತೆ. ದರ ಏರಲೆಂದು ಕೋಲ್ಡ್ ಸ್ಟೋರೇಜಿನಲ್ಲಿ ಇರಿಸಿದ್ದ ಚೀಲಗಳನ್ನು ಬಂದ ಬೆಲೆಗೆ ಮಾರದೆ ಅಷ್ಟು ಹಣ ಹೊಂದುವಂತಿರಲಿಲ್ಲ.

"ಎಲ್ಲಾ ಆಟದ ಪ್ರತಾಪರೀ ಇದು. ಹಗಲೂ ರಾತ್ರಿ ಆಡಿ ಸುಟ್ಟಾನ," ಎಂದರು ಭಾವನವರು.

ಹುಡುಗ ತಲೆ ತಗ್ಗಿಸಿಯೇ ಹೇಳಿದ: "ಆಡಿದ್ದು ಖರೇ ಮಾಮಾ, ಸುಳ್ಳು ಹೇಳಂಗಿಲ್ಲ. ಆದ್ರ ಈಗ ಪ್ರಾಜೆಕ್ಟಿನ ನಕ್ಷೆ ತೆಗೀಲಿಕ್ಕೂ ಬಿಡವಲ್ದು. ಇನ್ನ ಇಪ್ಪತ್ತು ದಿನ ಅಷ್ಟ ಉಳದಾವ."

ಹಲವು ವರ್ಷಗಳಿಂದ ಕಂಪ್ಯೂಟರ್ ದುರಸ್ತಿಯ ಕಾಯಕದಲ್ಲಿರುವ ನನಗೆ, ಅವನು ಲ್ಯಾಪ್‌ಟಾಪನ್ನು ಕೌದಿಯ ಮೇಲೆ ಇರಿಸಿಕೊಂಡಿದ್ದುದನ್ನು ಕಂಡಾಗಲೇ ಅರ್ಧ ಕಾರಣ ಹೊಳೆಯಿತು.

ಇಂತಹ ಯಂತ್ರದಲ್ಲಿ ಲೆಕ್ಕ ಮಾಡುವ ಪ್ರೊಸೆಸರ್ ಮತ್ತು ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ ಎಂಬ ಎರಡು ಬಿಲ್ಲೆಗಳಿರುತ್ತವೆ. ಹೆಚ್ಚಿನ ಕೆಲಸ ಬಿದ್ದಾಗ ಅವೆರಡೂ ಸೇರಿ ನೂರು ವ್ಯಾಟಿಗೂ ಮೀರಿ ವಿದ್ಯುತ್ತನ್ನು ಬಳಸಬಲ್ಲವು. ಅದೆಲ್ಲವೂ ಕೊನೆಗೆ ಶಾಖವೇ ಆಗುತ್ತದೆ. ಹಿಂದೆ ಪಡಸಾಲೆಯಲ್ಲಿ ಉರಿಯುತ್ತಿದ್ದ ನೂರರ ಬಲ್ಬನ್ನು ಪುಸ್ತಕದಷ್ಟು ತೆಳುವಾದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಹೇಗೋ ಹಾಗೆ. ಈ ಶಾಖವನ್ನು ತಾಮ್ರದ ಕೊಳವೆಗಳು ಅಂಚಿಗೆ ಸಾಗಿಸುತ್ತವೆ. ಕೊಳವೆಯೊಳಗಿನ ತುಸು ದ್ರವ ಬಿಸಿ ತುದಿಯಲ್ಲಿ ಆವಿಯಾಗಿ, ತಂಪು ತುದಿಯಲ್ಲಿ ಮತ್ತೆ ದ್ರವವಾಗಿ ಹಿಂದಿರುಗುತ್ತದೆ. ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ನಿಂತ ಲೋಹದ ರೆಕ್ಕೆಗಳಿರುತ್ತವೆ. ಕೆಳಗಿನ ರಂಧ್ರಗಳಿಂದ ಗಾಳಿಯನ್ನು ಎಳೆದುಕೊಂಡ ಫ್ಯಾನು ಆ ರೆಕ್ಕೆಗಳ ನಡುವಿನಿಂದ ಬಿಸಿಯನ್ನು ಹೊರದೂಡುತ್ತದೆ.

ಧೂಳು ಕೂರುವುದು ಫ್ಯಾನಿಗೂ ರೆಕ್ಕೆಗಳಿಗೂ ನಡುವೆ, ಹೊರಗಿನಿಂದ ಕಣ್ಣಿಗೆ ಕಾಣದ ಜಾಗದಲ್ಲಿ. ವರ್ಷಗಳು ಕಳೆದಂತೆ ಅದು ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟುತ್ತದೆ. ಆಗ ಫ್ಯಾನು ಎಷ್ಟು ತಿರುಗಿದರೂ ಗಾಳಿ ಹೊರಹೋಗದು. ಬಿಲ್ಲೆಯ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಯಂತ್ರ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಗಲೂ ತಣಿಯದಿದ್ದರೆ ಸುಟ್ಟುಹೋಗದಿರಲೆಂದು ಆರಿಹೋಗುತ್ತದೆ. ಜನ ಇದನ್ನೇ ಯಂತ್ರ ಸತ್ತಿತೆಂದು ತಿಳಿಯುತ್ತಾರೆ.

ವಾರಂಟಿ ಮುಗಿದಿದ್ದರಿಂದ ನಾವೇ ತೆರೆಯಲು ಕುಳಿತೆವು. ಯಂತ್ರವನ್ನು ಪೂರ್ಣ ಆರಿಸಿ, ಚಾರ್ಜರ್ ಕಿತ್ತೆವು. ಕೆಳಮುಚ್ಚಳದ ಸ್ಕ್ರೂಗಳು ಒಂದೇ ಉದ್ದದವಲ್ಲ. ಆದ್ದರಿಂದ ಕಾಗದದ ಮೇಲೆ ಮುಚ್ಚಳದ ಆಕಾರ ಬರೆದು, ಒಂದೊಂದನ್ನೂ ಅದರದರ ಜಾಗದಲ್ಲಿ ಇಟ್ಟೆವು. ಮೈಯಲ್ಲಿನ ಸ್ಥಿರವಿದ್ಯುತ್ತು ಇಳಿಯಲೆಂದು ಕಿಟಕಿಯ ಕಬ್ಬಿಣದ ಸರಳನ್ನು ಮುಟ್ಟಿ, ಮುಚ್ಚಳ ತೆಗೆದು, ಮೊಟ್ಟಮೊದಲು ಬ್ಯಾಟರಿಯ ಜೋಡಣೆಯನ್ನು ಬಿಡಿಸಿದೆವು. ಫ್ಯಾನನ್ನು ಬಿಚ್ಚಿದಾಗ ಬೆರಳಿನಷ್ಟು ಅಗಲದ ಧೂಳಿನ ಪಟ್ಟಿ ಇಡಿಯಾಗಿ ಎದ್ದುಬಂದಿತು. ಅದರಲ್ಲಿ ಕೌದಿಯ ಎಳೆಯಿತ್ತು, ಹೊಲದ ಮಣ್ಣಿತ್ತು, ಕೆಂಪು ಪುಡಿಯೂ ಇತ್ತು! ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಎನ್ನುತ್ತಾರೆ. ಆದರೆ ಉಳಿದದ್ದನ್ನು ಒಣ ಬ್ರಷ್ಷಿನಿಂದ ಕೊಡವುತ್ತಲೇ ಮನೆಮಂದಿಯೆಲ್ಲ ಸೀನತೊಡಗಿದರು. ಹಲವು ದಿನಗಳ ನಂತರ ಭಾವನವರು ನಕ್ಕದ್ದು ಆಗಲೇ ಎಂದು ತಂಗಿ ಹೇಳಿದಳು.

ಬಿಲ್ಲೆಗೂ ತಾಮ್ರಕ್ಕೂ ನಡುವೆ ಶಾಖ ದಾಟಿಸುವ ಲೇಪ ಒಣಗಿತ್ತು. ಮರುದಿನ ಹಾವೇರಿಯಿಂದ ಹೊಸದನ್ನು ತಂದು ಹಚ್ಚಿದೆ. ನಕ್ಷೆಯ ಕೆಲಸದಲ್ಲಿ ಮೊದಲು 98 ಡಿಗ್ರಿ ತಲುಪುತ್ತಿದ್ದ ಉಷ್ಣತೆ 82ರಲ್ಲಿ ನಿಂತಿತು. ಯಂತ್ರ ಸಂಜೆಯವರೆಗೂ ಆರಲಿಲ್ಲ. ಖರ್ಚಾದದ್ದು ಲೇಪದ ಕೆಲವು ನೂರು ರೂಪಾಯಿ ಮಾತ್ರ.

ಮನೆಯಲ್ಲಿ ಇದನ್ನು ಮಾಡುವವರು ಕೆಲವು ಎಚ್ಚರಿಕೆಗಳನ್ನು ಮರೆಯಬಾರದು. ಒದ್ದೆ ಬಟ್ಟೆ ಬಳಸಬೇಡಿರಿ, ಬಾಯಿಯಿಂದ ಊದಬೇಡಿರಿ. ತೇವ ಒಳಗೆ ಸೇರುತ್ತದೆ. ಬ್ಲೋಯರ್‌ನಿಂದ ಗಾಳಿ ಹಾಯಿಸುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿಯಿರಿ. ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಕೆಡಬಹುದು. ಬ್ಯಾಟರಿ ಉಬ್ಬಿದ್ದರೆ ಒತ್ತುವುದಾಗಲಿ ಚುಚ್ಚುವುದಾಗಲಿ ಬೇಡ. ಅದು ಹೊತ್ತಿಕೊಳ್ಳುವ ಅಪಾಯವಿದೆ, ನುರಿತವರ ಬಳಿ ಒಯ್ಯಿರಿ. ವಾರಂಟಿ ಇದ್ದರೆ ಕಂಪನಿಯವರಿಂದಲೇ ತೆರೆಸುವುದು ಒಳ್ಳೆಯದು. ಸ್ವಚ್ಛಗೊಳಿಸಿದ ಮೇಲೂ ಯಂತ್ರ ಆರಿಹೋದರೆ ಮಾತ್ರ ದೊಡ್ಡ ದುರಸ್ತಿಯ ಮಾತು.

ದೀಪಾವಳಿಗೆ ಮನೆಗೆ ಸುಣ್ಣ ಬಳಿಯುವಾಗ ಒಮ್ಮೆ, ಸುಗ್ಗಿಯ ಧೂಳು ಅಡಗಿದ ಮೇಲೆ ಇನ್ನೊಮ್ಮೆ ಮಕ್ಕಳ ಲ್ಯಾಪ್‌ಟಾಪಿನ ಕಡೆಗೂ ಹಿರಿಯರು ಕಣ್ಣು ಹಾಯಿಸಲಿ. ಮಗನನ್ನು ಗದರಿಸುವ ಮೊದಲು, ಕೂಡಿಟ್ಟ ಹಣಕ್ಕೆ ಕೈಹಾಕುವ ಮೊದಲು, ಒಮ್ಮೆ ಮುಚ್ಚಳ ತೆಗೆಸಿ ನೋಡುವುದು ಲೇಸು.

ನಾನು ಹೊರಡುವಾಗ ಭಾವನವರು ಮಗನೊಡನೆ ಆಟದ ಮಾತನ್ನು ಎತ್ತಲಿಲ್ಲ. ಒಳಗಿನಿಂದ ಊಟದ ಮಣೆಯೊಂದನ್ನು ತಂದು ಕೌದಿಯ ಪಕ್ಕದಲ್ಲಿಟ್ಟು, "ಇನ್ನ ಮ್ಯಾಲೆ ಇದರ ಮ್ಯಾಲೆ ಇಟ್ಕೊಂಡು ಓದಪಾ," ಎಂದಷ್ಟೇ ಹೇಳಿದರು.