ಒಂದು ನಿಮಿಷದ ಎಣಿಕೆ

ಬಾಣಂತನಕ್ಕೆ ಬಂದಿದ್ದ ಮಗಳು ರಾತ್ರಿ ಎರಡು ಗಂಟೆಗೆ ನಮ್ಮ ಕೋಣೆಯ ಬಾಗಿಲು ಬಡಿದಳು. ‘ಅಪ್ಪಾ, ಪಾಪು ಹಾಲು ಕುಡೀತಿಲ್ಲ. ಬಾಯಿ ಹಚ್ಚುತ್ತೆ, ತಕ್ಷಣ ಬಿಟ್ಟು ಅಳುತ್ತೆ.’

ನಾಲ್ಕು ತಿಂಗಳ ಕೂಸು. ಅದಕ್ಕೆ ಬಂದ ಮೊದಲ ಕಾಯಿಲೆ. ಹಾಸನದ ಜುಲೈ ಮಳೆಯಲ್ಲಿ ಮನೆಮಂದಿಗೆಲ್ಲ ನೆಗಡಿಯಾಗಿತ್ತು, ಅದಕ್ಕೂ ಎರಡು ದಿನದಿಂದ ಮೂಗು ಸೋರುತ್ತಿತ್ತು. ಈಗ ಎದೆಯೊಳಗೆ ಗೊರಗೊರ ಸದ್ದು. ನನ್ನ ಹೆಂಡತಿ ಸಂಜೆಯೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದ್ದಳು. ಘಾಟು ಬರಲಿಲ್ಲವೆಂದು, ದೃಷ್ಟಿ ಬಲವಾಗಿಯೇ ತಗುಲಿದೆಯೆಂದು ಇನ್ನಷ್ಟು ಹೆದರಿದ್ದಳು. ನಾನು ಥರ್ಮಾಮೀಟರ್ ಹುಡುಕಿದೆ. ಜ್ವರ ಅಷ್ಟೇನೂ ಇರಲಿಲ್ಲ. ಜ್ವರವಿಲ್ಲ ಎಂದ ಮೇಲೆ ಬೆಳಿಗ್ಗೆ ನೋಡೋಣ ಎಂದುಬಿಟ್ಟಿದ್ದೆ. ಮಗಳು ಕೇಳಲಿಲ್ಲ, ಆಟೋಗೆ ಫೋನು ಮಾಡಿದಳು.

ಆಸ್ಪತ್ರೆಯಲ್ಲಿದ್ದ ಡಾಕ್ಟರು ನನ್ನ ಮಗಳಿಗಿಂತ ಚಿಕ್ಕವಳಂತೆ ಕಂಡಳು. ಸ್ಟೆತಾಸ್ಕೋಪು ಕೊರಳಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ‘ಅಳು ನಿಲ್ಲಲಿ, ತೊಡೆ ಮೇಲೇ ಇರಲಿ’ ಎಂದು ಮಗಳನ್ನು ಕೂರಿಸಿ, ಮಗುವಿನ ಜುಬ್ಬ ಎದೆಯವರೆಗೆ ಎತ್ತಿ, ಕೈಗಡಿಯಾರ ನೋಡುತ್ತ ಸುಮ್ಮನೆ ನಿಂತಳು. ಬಟ್ಟಲಷ್ಟು ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಪ್ರತಿ ಉಸಿರಿಗೂ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಮನೆಯ ಮಂದ ದೀಪದಲ್ಲಿ, ಹೊದಿಕೆಯ ಅಡಿಯಲ್ಲಿ, ನಾವ್ಯಾರೂ ಅದನ್ನು ಕಂಡಿರಲಿಲ್ಲ. ನಿಮಿಷ ಮುಗಿದ ಮೇಲೆ ‘ಐವತ್ತೆಂಟು. ಅಡ್ಮಿಟ್ ಮಾಡ್ಕೋತೀವಿ’ ಎಂದಳು.

ಆ ಲೆಕ್ಕ ನನಗೆ ಆಮೇಲೆ ತಿಳಿಯಿತು. ಎರಡು ತಿಂಗಳೊಳಗಿನ ಮಗು ನಿಮಿಷಕ್ಕೆ 60 ಅಥವಾ ಹೆಚ್ಚು ಸಲ, ಎರಡು ತಿಂಗಳಿಂದ ಒಂದು ವರ್ಷದೊಳಗಿನದು 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದ್ದು 40 ಅಥವಾ ಹೆಚ್ಚು ಸಲ ಉಸಿರಾಡಿದರೆ ಅದು ವೇಗದ ಉಸಿರಾಟ. ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿಗೆಲ್ಲ ಹೇಳಿಕೊಡುವ ಗೆರೆ ಇದು. ಎಣಿಸುವುದು ಪೂರ್ತಿ ಒಂದು ನಿಮಿಷ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವಂತಿಲ್ಲ. ಹಸುಗೂಸಿನ ಉಸಿರು ಒಂದು ಹದದಲ್ಲಿರುವುದಿಲ್ಲ, ನಾಲ್ಕು ಸಲ ಓಡಿ ಒಂದು ಗಳಿಗೆ ನಿಲ್ಲುತ್ತದೆ. ಅಳುವಾಗ ಎಣಿಸಿದರೂ ಲೆಕ್ಕ ತಪ್ಪುತ್ತದೆ.

ಈ ಎಣಿಕೆ ದೊಡ್ಡ ನಗರದ ದೊಡ್ಡ ಆಸ್ಪತ್ರೆಯಿಂದ ಬಂದದ್ದಲ್ಲ. 1980ರ ದಶಕದಲ್ಲಿ ಪಪುವಾ ನ್ಯೂಗಿನಿಯ ಬೆಟ್ಟಸೀಮೆಯ ಗೊರೋಕಾದಲ್ಲಿ ಫ್ರ್ಯಾಂಕ್ ಶಾನ್ ಎಂಬ ಮಕ್ಕಳ ವೈದ್ಯರಿದ್ದರು. ಎಕ್ಸ್‌ರೇ ಇಲ್ಲದ ಹಳ್ಳಿಯಲ್ಲಿ, ಕೆಮ್ಮುವ ನೂರು ಮಕ್ಕಳಲ್ಲಿ ನ್ಯುಮೋನಿಯಾ ಯಾವುದಕ್ಕೆ ಎಂದು ಆರೋಗ್ಯ ಕಾರ್ಯಕರ್ತನೊಬ್ಬ ಹೇಗೆ ಹೇಳಬೇಕು? ಕಿರುಚುವ ಮಗುವಿನ ಎದೆಗೆ ಸ್ಟೆತಾಸ್ಕೋಪಿಟ್ಟರೆ ಕೇಳುವುದು ಅಳು ಮಾತ್ರ. ಉಸಿರನ್ನಾದರೆ ಯಾರು ಬೇಕಾದರೂ ಕಣ್ಣಲ್ಲೇ ಎಣಿಸಬಹುದು. ಪಕ್ಕೆ ಒಳಸೇರಿದರೆ ಆಸ್ಪತ್ರೆಗೆ ಕಳಿಸಬೇಕೆಂದು ತೀರ್ಮಾನಿಸಬಹುದು. ಅವರ ಕೆಲಸ ವಿಶ್ವ ಆರೋಗ್ಯ ಸಂಸ್ಥೆಯ ನಿಯಮಗಳಿಗೆ ಬುನಾದಿಯಾಯಿತು.

ನಮ್ಮ ಪಕ್ಕದ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿ ಇದನ್ನೇ ಇನ್ನೂ ಸರಳ ಮಾಡಿದರು. ಹಳ್ಳಿಯ ಕಾರ್ಯಕರ್ತೆಯರಲ್ಲಿ ಎಷ್ಟೋ ಮಂದಿಗೆ ಐವತ್ತರವರೆಗೆ ಎಣಿಸುವುದೇ ಕಷ್ಟ. ಹಾಗಾಗಿ ಒಂದು ನಿಮಿಷದ ಮರಳು ಗಡಿಯಾರದ ಜತೆಗೆ ಸಾಲಾಗಿ ಪೋಣಿಸಿದ ಮಣಿಗಳನ್ನು ಕೊಟ್ಟರು. ಹತ್ತು ಉಸಿರಿಗೊಂದು ಮಣಿ ಸರಿಸಬೇಕು. ಮರಳು ಇಳಿದು ಮುಗಿಯುವ ಮೊದಲೇ ಬೆರಳು ಕಡೆಯ ಮಣಿಗೆ ತಲುಪಿದರೆ ಚಿಕಿತ್ಸೆ ಬೇಕು. ಗಡಚಿರೋಲಿಯ ಅನುಭವವೇ ಮುಂದೆ 2011ರಲ್ಲಿ ದೇಶವ್ಯಾಪಿ ಕಾರ್ಯಕ್ರಮವಾಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 3, 7, 14, 21, 28, 42ನೇ ದಿನ ಆಶಾ ಕಾರ್ಯಕರ್ತೆ ಬರುವುದು ಅದರಿಂದಲೇ. ನಮ್ಮ ಮನೆಗೂ ಬಂದಿದ್ದಳು. ಕಾಫಿ ಕೊಟ್ಟು ಕಳಿಸಿದ್ದೆವು, ಉಸಿರು ಎಣಿಸುವುದು ಹೇಗೆಂದು ಕೇಳಿರಲಿಲ್ಲ.

ನಮ್ಮ ಪಾಪುವಿಗೆ ಆಗಿದ್ದು ಬ್ರಾಂಕಿಯೋಲೈಟಿಸ್. ಶ್ವಾಸಕೋಶದ ತೀರಾ ಸಣ್ಣ ನಾಳಗಳು ವೈರಸ್ಸಿನಿಂದ ಊದಿಕೊಂಡು ಕಫ ಕಟ್ಟುವುದು. ಒಂದು ವರ್ಷದೊಳಗಿನ ಮಕ್ಕಳಿಗೇ ಹೆಚ್ಚು. ದೊಡ್ಡವರಿಗೆ ಬರೀ ನೆಗಡಿಯಾಗಿ ಹೋಗುವ ವೈರಸ್ಸೇ ಕೂಸಿಗೆ ಹೀಗೆ ಕಾಡುತ್ತದೆ. ನಮ್ಮ ಮನೆಗೆ ಅದನ್ನು ತಂದವನು ನಾನೇ ಇರಬಹುದು. ಮೂರರಿಂದ ಐದನೇ ದಿನ ಜೋರಾಗಿ, ಆಮೇಲೆ ತಾನಾಗಿ ಇಳಿಯುತ್ತದೆ. ಆ್ಯಂಟಿಬಯಾಟಿಕ್‌ಗೆ ಇದರಲ್ಲಿ ಕೆಲಸವಿಲ್ಲ. ಕೊಟ್ಟಿದ್ದು ಮೂಗಿಗೆ ಆಕ್ಸಿಜನ್, ಉಪ್ಪುನೀರಿನ ಹನಿ, ಹೊಟ್ಟೆಗೆ ಹಾಲು. ಎಳೆಗೂಸು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಮೂಗು ಕಟ್ಟಿದರೆ ಹಾಲು ಕುಡಿಯಲೂ ಆಗದು, ಉಸಿರಾಡಲೂ ಆಗದು.

ಮೊದಲ ದಿನ ಹಾಲು ಹೋಗಿದ್ದು ಮೂಗಿನೊಳಗಿಂದ ಹೊಟ್ಟೆಗಿಳಿಸಿದ ಸಪೂರ ನಳಿಕೆಯಲ್ಲಿ. ಮಗಳು ಹಿಂಡಿಕೊಟ್ಟ ಎದೆಹಾಲನ್ನು ಸಿಸ್ಟರ್ ಹಿಡಿಕೆ ಕಳಚಿದ ಸಿರಿಂಜಿಗೆ ಸುರಿದು ಎತ್ತಿ ಹಿಡಿಯುತ್ತಿದ್ದರು. ಒತ್ತುವಂತಿಲ್ಲ. ಹಾಲು ತನ್ನ ಭಾರಕ್ಕೆ ತಾನೇ ಇಳಿಯಬೇಕು. 30 ಎಂಎಲ್ ಗೆರೆಯಿಂದ 20, 10... ಮಗಳು ಉಸಿರು ಬಿಗಿಹಿಡಿದು ಆ ಗೆರೆಗಳನ್ನೇ ನೋಡುತ್ತಿದ್ದಳು. ಇನ್ನೂ ಹೆಸರಿಡದ ಮಗುವಾದ್ದರಿಂದ ಕೇಸ್ ಶೀಟಿನಲ್ಲಿ ‘ಬೇಬಿ ಆಫ್’ ಎಂದು ಬರೆದು ಮುಂದೆ ಅವಳದೇ ಹೆಸರು. ಕಾಯಿಲೆ ತನ್ನದೇ ಎಂಬಂತೆ ಇದೆಯಪ್ಪಾ ಎಂದಳು.

‘ಮೂರು ದಿನವಾಯ್ತು, ಒಂದು ಇಂಜೆಕ್ಷನ್ನೂ ಹಾಕಿಲ್ಲ’ ಎಂಬುದು ನನ್ನ ಹೆಂಡತಿಯ ದೂರು. ಇಂಜೆಕ್ಷನ್ ಹಾಕದವರು ಡಾಕ್ಟರೇ ಅಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬೇಡದ ಔಷಧಿ ಬರೆಯದಿರಲು ಬರೆಯುವುದಕ್ಕಿಂತ ಹೆಚ್ಚು ಧೈರ್ಯ ಬೇಕು ಎಂದು ನನಗೆ ಅಲ್ಲೇ ಅನ್ನಿಸಿತು. ಮನೆಯಲ್ಲಿ ಮೆಡಿಕಲ್ ಶಾಪಿನಿಂದ ತಂದ ಕೆಮ್ಮಿನ ಸಿರಪ್ ಇತ್ತು. ಮುಚ್ಚಳ ತೆಗೆದಿರಲಿಲ್ಲ, ನಮ್ಮ ಪುಣ್ಯ. ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ಸತ್ತ ಮೇಲೆ, 2025ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿಯ ಸಿರಪ್ ಕೊಡಲೇಬೇಡಿ ಎಂದು ಸೂಚಿಸಿದೆ.

ಬಿಡುಗಡೆಯ ದಿನ ಡಾಕ್ಟರು ಮಾತಾಡಿದ್ದು ನನ್ನ ಹೆಂಡತಿಯ ಜತೆ. ಎಣ್ಣೆ ಹಚ್ಚಿ ನೀರು ಹಾಕಿ, ಮೂಗಿಗೆ ಮಾತ್ರ ಎಣ್ಣೆ ಬಿಡಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತೆ. ಸಾಂಬ್ರಾಣಿ ಹೊಗೆ ಬೇಡ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಎದೆಗೆ ತಿಕ್ಕಬೇಡಿ, ಎಳೆಮಕ್ಕಳಿಗೆ ಫಿಟ್ಸ್ ಬರಿಸುವ ವಿಷ ಅದು. ವರ್ಷ ತುಂಬುವವರೆಗೆ ಜೇನು ನೆಕ್ಕಿಸಬೇಡಿ. ಮೂವತ್ತು ವರ್ಷ ತಾನು ಮಾಡಿಕೊಂಡು ಬಂದದ್ದನ್ನೆಲ್ಲ ಹುಡುಗಿಯೊಬ್ಬಳು ಅಳಿಸಿಹಾಕುವುದನ್ನು ಅವಳು ತುಟಿ ಬಿಗಿದು ಕೇಳಿದಳು. ಕೊನೆಗೆ ಕೇಳಿದ್ದು ಒಂದೇ: ‘ಬಜೆ ತೇಯ್ದು ನೆಕ್ಕಿಸಬಹುದಾ ಡಾಕ್ಟ್ರೇ?’ ಅದೂ ಬೇಡವೆಂದಾಗ ನನ್ನತ್ತ ನೋಡಿದಳು. ಆದರೆ ಮನೆಗೆ ಬಂದವಳೇ ಸಾಂಬ್ರಾಣಿ ಡಬ್ಬಿಯನ್ನು ದೇವರ ಕೋಣೆಗೆ ಒಯ್ದಿಟ್ಟಳು.

ಆ ರಾತ್ರಿ ಮಗು ಮಲಗಿದ ಮೇಲೆ ನಾನು ಮೊಬೈಲಿನಲ್ಲಿ ನಿಮಿಷ ಇಟ್ಟು ಎಣಿಸಿದೆ. 36. ಮಗಳು ಎಣಿಸಿದಳು, 38. ತಾಯಿ ಕಾರ್ಡಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟಳು. ಮನೆಯಲ್ಲಿ ಎಳೆಮಗು ಇರುವವರು ಇಂದು ರಾತ್ರಿಯೇ, ಅದು ಚೆನ್ನಾಗಿರುವಾಗಲೇ, ಜುಬ್ಬ ಎತ್ತಿ ಒಂದು ಸಲ ಎಣಿಸಿ ಬರೆದಿಡಿ. ಪೂರ್ತಿ ಒಂದು ನಿಮಿಷ.